ಮೀಟರಿನ ಮೇಲೆ ವೀರಭದ್ರ

ಗಜೇಂದ್ರಗಡದ ಏರು ಹತ್ತಲೆಂದು ಹೂವಪ್ಪ ಜೀಪಿನ ಹಿಂದಿನ ಆಕ್ಸಲ್ ಗೇರು ಬದಲಿಸಿದ್ದ. ಅದಕ್ಕೆ ತಕ್ಕಂತೆ ವೇಗದ ಮೀಟರ್ ಹೊಂದಿಸುವುದು ಬಾಕಿಯಿತ್ತು. ಮುಳ್ಳು ನಲವತ್ತು ತೋರಿಸಿದರೆ ಗಾಡಿ ಮೂವತ್ತರಲ್ಲಿ ತೆವಳುತ್ತಿತ್ತು. ನರಗುಂದದಲ್ಲಿ ಮಗಳ ನಿಶ್ಚಯದ ಮುಹೂರ್ತ ಮೀರುವ ಹೊತ್ತು. ನಲವತ್ತು ದಾಟಿದರೆ ಇಳಿದುಬಿಡುವೆನೆಂದು ಅವ್ವ ನೀಲವ್ವ ಪಕ್ಕದಲ್ಲೇ ಮುಳ್ಳು ಕಾಯುತ್ತಿದ್ದಳು.

ಮೇವಿನ ಟ್ರ್ಯಾಕ್ಟರೊಂದು ಇವರನ್ನು ಹಿಂದೆ ಹಾಕಿತು. “ದೂಡಬೇಕೇನ್ರಿ, ಹೂವಪ್ಪಣ್ಣ?” ಎಂದ ಡ್ರೈವರ್.

“ಯವ್ವಾ, ಮೀಟರ್ ಸುಳ್ಳ ಹೇಳತೈತಿ!”

“ಅದಕ್ಕೆಲ್ಲೈತೋ ಬಾಯಿ? ಸುಳ್ಳ ಹೇಳಾಂವ ನೀನ!”

ಹೂವಪ್ಪ ಗಾಡಿ ನಿಲ್ಲಿಸಿ, ಮುಂದಿನ ಗಾಜಿನ ಮೇಲಿದ್ದ ವೀರಭದ್ರನ ಪಟ ಕಿತ್ತು ಮೀಟರಿಗೆ ಅಂಟಿಸಿದ. ನೀಲವ್ವ ಗಲ್ಲ ಬಡಿದುಕೊಂಡು ಕೈಮುಗಿದಳು. ದೇವರನ್ನು ಸರಿಸುವ ಧೈರ್ಯ ಅವಳಿಗೆಲ್ಲಿ?

ಜೀಪು ಟ್ರ್ಯಾಕ್ಟರನ್ನು ದಾಟಿ ಹಾರಿತು.

“ಇನ್ನಷ್ಟ ಲಗೂ ಹೊಡಿಯೋ,” ಎಂದಳು ನೀಲವ್ವ, “ವೀರಭದ್ರಪ್ಪಗ ಬಿಸಲ ಹತ್ತಾಕತ್ತೈತಿ.”