ಹೊಂಗೆಗಟ್ಟದವರು

ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದ ಆತ್ರೇಯ ತಲೆಯೆತ್ತಿ ನೋಡಿದ. ಬಸವೇಶ್ವರನಗರದ ಆ ಇಕ್ಕಟ್ಟಾದ ಅಡ್ಡರಸ್ತೆಗೆ ಟೆಂಪೋ ಒಂದು ನುಗ್ಗಿ ಬಂದು, ಶವದ ವ್ಯಾನಿನ ಹಿಂದೆ ನಿಂತಿತ್ತು. ಅದರಿಂದ ಹತ್ತಾರು ಜನ ಇಳಿದರು. ಮುಂದೆ ಬಂದ ವಯಸ್ಸಾದ ಹೆಂಗಸು ಗೇಟಿನಲ್ಲೇ ಚಪ್ಪಲಿ ಬಿಟ್ಟು ಕೈಮುಗಿದರು.

"ಯಾರಮ್ಮಾ ನೀವು?" ಎಂದ ಆತ್ರೇಯ. ತೀರಿಕೊಂಡ ಗೋಪೀನಾಥರು ಅವನಿಗೆ ದೊಡ್ಡಪ್ಪ. ಅವರಿಗೆ ಮಕ್ಕಳಿರಲಿಲ್ಲ, ಕೊಳ್ಳಿ ಇಡಬೇಕಾದವನು ಅವನೇ.

"ನಾನು ರಾಮಮ್ಮ ಅಂತ ಕಣಪ್ಪ. ಹೊಂಗೆಗಟ್ಟದೋರು ನಾವು."

"ಅದೆಲ್ಲಿ ಬರುತ್ತೆ?"

"ಊರು ಈಗಿಲ್ಲ. ಇದ್ದ ಜಾಗ ಈ ಸ್ವಾಮೇರೇ ಹುಡುಕ್ಕೊಟ್ಟಿದ್ದು" ಎಂದು ಅವರು ಗೋಪೀನಾಥರ ಶವದತ್ತ ಕೈ ತೋರಿದರು.

ಆತ್ರೇಯನಿಗೆ ಏನೂ ತಿಳಿಯಲಿಲ್ಲ. ಹೊಸಿಲಿನಲ್ಲಿ ಕುಳಿತಿದ್ದ ಗೋಪೀನಾಥರ ಹೆಂಡತಿ ಅನಂತಲಕ್ಷ್ಮಿ ಆ ಊರಿನ ಹೆಸರು ಕೇಳಿ ಕತ್ತೆತ್ತಿದರು.

*

ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಗೋಪೀನಾಥರಿಗೆ ಹಳೆಯ ನಕ್ಷೆಗಳ ಹುಚ್ಚು ಹತ್ತಿತ್ತು. ಬ್ರಿಟಿಷರ ಕಾಲದ ನಕ್ಷೆಯಲ್ಲಿದ್ದು ಈಗಿನದರಲ್ಲಿ ಕಾಣದ ಊರುಗಳನ್ನು ಗುರುತು ಹಾಕಿಕೊಂಡು, ಭಾನುವಾರ ಬಂದರೆ ಸ್ಕೂಟರ್ ಹತ್ತಿ ಕೆಂಗೇರಿಯಾಚೆ ಹೊರಟುಬಿಡುವರು. ಪ್ಲೇಗಿಗೆ ಹೆದರಿಯೋ ಕೆರೆ ಬತ್ತಿಯೋ ಜನ ಬಿಟ್ಟುಹೋದ ಊರುಗಳು.

"ಇರೋ ಊರಿಗೇ ನನ್ನ ಕರ್ಕೊಂಡು ಹೋಗಿಲ್ಲ, ಇಲ್ಲದ ಊರಿಗೆ ಹೋಗ್ತಾರಂತೆ" ಎಂದು ಅನಂತಲಕ್ಷ್ಮಿ ಅಕ್ಕಪಕ್ಕದವರೆದುರು ನಗುತ್ತಿದ್ದರು.

ಒಂದು ಸಂಜೆ ಗೋಪೀನಾಥರು ಪ್ಯಾಂಟಿನ ತುಂಬ ಉತ್ತರಾಣಿ ಬೀಜ ಅಂಟಿಸಿಕೊಂಡು ಬಂದು, ಬಾಗಿಲಲ್ಲೇ ಹೇಳಿದ್ದರು: "ಹೊಂಗೆಗಟ್ಟ ಸಿಕ್ತು ಕಣೇ! ಪೊದೆ ಒಳಗೆ ಮಾರಮ್ಮನ ಕಲ್ಲು ಹಾಗೇ ಇದೆ. ಆ ಊರೋರ ಮೊಮ್ಮಕ್ಕಳು ಎಲ್ಲಾದ್ರೂ ಇದ್ದೇ ಇರ್ತಾರೆ, ಹುಡುಕ್ಬೇಕು."

"ಮೊದ್ಲು ಆ ಪ್ಯಾಂಟು ಹೊರಗೇ ಕೊಡವಿ ಬನ್ನಿ" ಎಂದಿದ್ದರು ಅನಂತಲಕ್ಷ್ಮಿ.

ಅವರು ಕೊಡವಿ ಬಂದರು. ಆಮೇಲೆ ಮನೆಯಲ್ಲಿ ಆ ಮಾತು ಎತ್ತಲಿಲ್ಲ.

*

"ನಮ್ಮಜ್ಜಿ ಸಾಯೋಗಂಟ ಮಾರಮ್ಮನ ಸುದ್ದೀನೇ ಹೇಳ್ತಿದ್ಲು," ಎಂದರು ರಾಮಮ್ಮ. "ಎಲ್ಲೈತೆ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಸ್ವಾಮೇರು ಮನೆಮನೆ ಕೇಳ್ಕೊಂಡು ಬಂದು ನಮ್ಮುನ್ನ ಕರ್ಕೊಂಡೋದ್ರು. ಈಗ ವರ್ಷಾವರ್ಷ ಅಮ್ಮನ ಹಬ್ಬಕ್ಕೆ ಅಲ್ಲೇ ಒಲೆ ಹೂಡ್ತೀವಿ. ನಮ್ಮೋರೂ ಒಂದೀಟು ಹೆಗಲು ಕೊಡ್ಬೋದಾ?"

ಆತ್ರೇಯ ತಡವರಿಸಿದ. "ಹಾಗಲ್ಲಮ್ಮ... ನಮ್ಮಲ್ಲಿ ಮನೆಯವರೇ ಎತ್ತೋದು."

ಅನಂತಲಕ್ಷ್ಮಿ ಗೋಡೆ ಹಿಡಿದು ಎದ್ದರು.

"ಅವ್ರ ಭಾನುವಾರಗಳೆಲ್ಲಾ ಇವ್ರದ್ದೇ ಆಗಿತ್ತು ಆತ್ರೇಯ. ಕೊಡ್ಲಿ ಬಿಡು."

ಪುರೋಹಿತರು ಮಂತ್ರ ಮುಂದುವರಿಸಿದರು. ರಾಮಮ್ಮನ ಮಗ ಭೈರೇಶ್ ಅಂಗಿ ತೆಗೆದು ಮುಂದೆ ನಿಂತ. ವ್ಯಾನು ಗೇಟಿನ ಪಕ್ಕದಲ್ಲೇ ಇತ್ತು; ಆದರೂ ಅವರು ಹೆಗಲು ಬದಲಿಸುತ್ತ ಬದಲಿಸುತ್ತ, ರಸ್ತೆಯ ತುದಿಯವರೆಗೂ ಹೊತ್ತು ನಡೆದರು. ಖಾಲಿ ವ್ಯಾನು ಹಿಂದಿನಿಂದ ನಿಧಾನವಾಗಿ ಹೋಯಿತು.

ಗಂಡಸರೆಲ್ಲ ತಿರುವಿನಲ್ಲಿ ಮರೆಯಾದ ಮೇಲೂ ಹೆಂಗಸರಿಬ್ಬರು ರಸ್ತೆಯಲ್ಲೇ ನಿಂತಿದ್ದರು.

"ಅದು ಯಾವ ಕಡೆ ಬರುತ್ತೆ ರಾಮಮ್ಮ, ನಿಮ್ಮೂರು?"

ರಾಮಮ್ಮ ದಿಕ್ಕು ಹಿಡಿಯಲು ಒಮ್ಮೆ ಬಿಸಿಲನ್ನು ನೋಡಿದರು. ಆಮೇಲೆ ಅನಂತಲಕ್ಷ್ಮಿಯ ಎರಡೂ ಭುಜ ಹಿಡಿದು, ಮೆಲ್ಲಗೆ ತಿರುಗಿಸಿ ನಿಲ್ಲಿಸಿದರು. ಎದುರಿಗೆ ಮೂರಂತಸ್ತಿನ ಮನೆ. ಬಾಲ್ಕನಿಯ ತುಂಬ ಒಣಹಾಕಿದ ಬಟ್ಟೆ. ಅನಂತಲಕ್ಷ್ಮಿ ಕಣ್ಣಿನ ಮೇಲೆ ಕೈಯಿಟ್ಟುಕೊಂಡು, ದೂರದ್ದೇನನ್ನೋ ನೋಡುವವರ ಹಾಗೆ, ಆ ಗೋಡೆಯನ್ನೇ ನೋಡುತ್ತ ನಿಂತರು.