ದಾಫಿನಜ್ಜಿಯ ತಿರುವು

"ಮಿಗ್ಲೆನಾ, ಉಸಿರಾಡ್ತಾ ಇದೀಯಾ ತಾನೆ?" ವಾಕಿಟಾಕಿಯಲ್ಲಿ ಗೆಂಚಣ್ಣನ ದನಿ.

"ಆಡ್ತಿದೀನಿ ಗೆಂಚಣ್ಣ."

"ನಂಗೆ ಕೇಳಿಸ್ತಿಲ್ಲ. ಜೋರಾಗಿ ಆಡು."

ಮುಂದೆ ದೀಪ ಮಿನುಗಿಸುತ್ತಿದ್ದ ಬೆಂಗಾವಲು ಕಾರಿನಿಂದ ಪ್ಲಾಮೆನ್ ನಕ್ಕಿದ್ದೂ ಅದರಲ್ಲೇ ಕೇಳಿಸಿತು. ನಾನೂ ನಕ್ಕೆ. ನಗದೆ ಏನು ಮಾಡಲಿ? ನನ್ನ ಬೆನ್ನ ಹಿಂದೆ, ಲಾರಿಯ ಟ್ರೇಲರಿನ ಮೇಲೆ, ಕರೆಂಟು ತಯಾರಿಸುವ ಗಾಳಿಯಂತ್ರದ ಒಂದು ರೆಕ್ಕೆ ಮಲಗಿತ್ತು. ನಾನು ಊರೊಳಗೆ ಬಂದಿದ್ದರೂ ಅದರ ತುದಿ ಇನ್ನೂ ಊರ ಹೊರಗಿನ ಹೊಲದ ಪಕ್ಕದಲ್ಲಿತ್ತು. ವಾರ್ನಾ ಬಂದರಿನಿಂದ ಹೊರಟಾಗಿನಿಂದ ಜನ ಕೆಲಸ ಬಿಟ್ಟು ಬೇಲಿಗೆ ಬಂದು ನಿಲ್ಲುತ್ತಿದ್ದರು. ಮದುವೆ ದಿಬ್ಬಣವನ್ನೂ ಯಾರೂ ಅಷ್ಟು ಬಾಯಿಬಿಟ್ಟುಕೊಂಡು ನೋಡಿದ್ದನ್ನು ನಾನು ಕಂಡಿಲ್ಲ. ದೊಬ್ರುಜಾ ಬಯಲಿನಲ್ಲಿ ವರ್ಷಗಟ್ಟಲೆ ಗೋಧಿ, ಸೂರ್ಯಕಾಂತಿ ಬೀಜ ಸಾಗಿಸಿದವಳು ನಾನು. ಆಗ ಯಾರಾದರೂ ನನ್ನತ್ತ ತಿರುಗಿ ನೋಡಿದ್ದರೆ ಅದು ಧೂಳೆಬ್ಬಿಸಿದ್ದಕ್ಕೆ ಬೈಯಲು.

ಆದರೆ ಈ ಸೀಟು ಇನ್ನೂ ನನ್ನದಾಗಿರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಮುಂದೆ ಯಾರು ಕೂರಬೇಕು ಎಂದು ಹೇಳುವವರು ಹಿಂದೆ ನಡೆಯುವವರು. ಇಂಥ ಟ್ರೇಲರಿನ ಹಿಂದಿನ ಚಕ್ರಗಳಿಗೆ ಬೇರೆಯೇ ಸ್ಟೇರಿಂಗ್. ತಿರುವು ಬಂತೆಂದರೆ ಗೆಂಚಣ್ಣ ಹಿಂದಿನ ವ್ಯಾನಿನಿಂದ ಇಳಿಯುತ್ತಾರೆ, ರಿಮೋಟ್ ಪೆಟ್ಟಿಗೆಯನ್ನು ಹೊಟ್ಟೆಯ ಮೇಲೆ ತೂಗುಹಾಕಿಕೊಂಡು ರೆಕ್ಕೆಯ ಬಾಲದ ಪಕ್ಕದಲ್ಲೇ ನಡೆಯುತ್ತ ಆ ಚಕ್ರಗಳನ್ನು ತಿರುಗಿಸುತ್ತಾರೆ. ಮುಂದಿನವರು ಎಡವಟ್ಟು ಮಾಡಿದರೆ ಮೊದಲ ಪೆಟ್ಟು ಅವರಿಗೇ. ಅದಕ್ಕೇ ಕಚೇರಿಯವರು ಹೇಳಿದ್ದು ಇಷ್ಟು: "ಇವತ್ತು ಸಂಜೆ ಗೆಂಚೋ ಹೂಂ ಅಂದ್ರೆ ಸೀಟು ನಿಂದು. ಊಹೂಂ ಅಂದ್ರೆ ವಾಪಸ್ ಗೋಧಿಗೆ."

ಆ ದಿನದ ದಾರಿಯಲ್ಲಿ ಕಷ್ಟದ ಜಾಗ ಇದೊಂದೇ. ರಸ್ತೆಯ ಎಡಗಡೆ ದಾಫಿನಜ್ಜಿಯ ಮನೆ, ಮುಂದೆ ರಸ್ತೆಯತ್ತ ಚಾಚಿಕೊಂಡ ದ್ರಾಕ್ಷಿ ಚಪ್ಪರ. ಅದನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಎಡಕ್ಕೆ ತಿರುವು, ತಿರುವಿನ ಎದುರಿಗೆ ಬೇಕರಿಯ ಗೋಡೆ. ಅಜ್ಜಿ ಪೊರಕೆ ಹಿಡಿದು ಚಪ್ಪರದಡಿ ನಿಂತಿದ್ದಳು.

"ಒಳಗೆ ಹೋಗಜ್ಜಿ," ಪ್ಲಾಮೆನ್ ಕಾರಿನಿಂದಲೇ ಕೂಗಿದ.

"ಯಾಕೆ ಹೋಗ್ಲಿ? ಇದು ನನ್ನ ಮನೆ. ನೀವು ಹೋಗಿ. ದ್ರಾಕ್ಷಿ ಹಣ್ಣಾಗಿದೆ, ಒಂದು ಎಲೆ ಉದುರಿದ್ರೂ ಈ ಪೊರಕೆ ಸುಮ್ನಿರಲ್ಲ."

ನಾನು ನಿಧಾನಕ್ಕೆ ಮುಂದೆ ಬಂದೆ. ಸಾಮಾನ್ಯ ಲಾರಿಯವರು ಎಡಕ್ಕೆ ತಿರುಗಿಸುವ ಮುಂಚೆ ಒಂದಿಷ್ಟು ಬಲಕ್ಕೆ ಎಳೆದುಕೊಳ್ಳುತ್ತಾರೆ. ಇಲ್ಲವಾದರೆ ಹಿಂದಿನ ಚಕ್ರ ಮೂಲೆ ಹತ್ತುತ್ತದೆ. ಇಲ್ಲಿ ಹಾಗೆ ಮಾಡಕೂಡದು ಎಂದು ಗೆಂಚಣ್ಣ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರು. ನನ್ನ ತಲೆಗೆ ಅದು ಅರ್ಥವಾಗಿತ್ತು. ಕೈಗೆ ಆಗಿರಲಿಲ್ಲ. ತಿರುವು ಕಂಡದ್ದೇ ತಡ, ಕೈ ತನ್ನಷ್ಟಕ್ಕೆ ಬಲಕ್ಕೆ ಎಳೆಯಿತು. ಹಿಂದಿನ ಚಕ್ರಗಳಿಂದಾಚೆ ಅಷ್ಟುದ್ದ ಚಾಚಿಕೊಂಡಿದ್ದ ಬಾಲ ಎಡಕ್ಕೆ, ಚಪ್ಪರದತ್ತ ಬೀಸಿತು.

"ನಿಲ್ಲೂ!"

ಬ್ರೇಕ್ ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ರೆಕ್ಕೆಯ ತುದಿ ಚಪ್ಪರಕ್ಕೆ ತಾಗಿಯೂ ತಾಗದಂತೆ ನಿಂತಿದೆ. ಅದರ ಕೆಳಗೆ ಗೆಂಚಣ್ಣ ಬಾಗಿ ಕೂತಿದ್ದಾರೆ, ಪಕ್ಕದಲ್ಲಿ ಅಜ್ಜಿ ಪೊರಕೆಯನ್ನು ಅವರ ಮೇಲೇ ಎತ್ತಿದ್ದಾಳೆ.

"ಓಡಿಸ್ತಿರೋಳು ಅವಳು, ನಂಗ್ಯಾಕಜ್ಜಿ ಹೊಡೀತೀಯಾ?"

"ನೀನು ಹತ್ರ ಸಿಕ್ಕಿದೆ!"

ಗೆಂಚಣ್ಣ ಲಾರಿಯ ಉದ್ದಕ್ಕೂ ನಡೆದು ಬಂದರು. ಅವರು ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಗೋಧಿ ತುಂಬಲು ಶುರು ಮಾಡಿದ್ದೆ. ಅವರು ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಕಿಟಕಿಗೆ ಮುಖ ಕೊಟ್ಟರು.

"ಏನು ಮಾಡ್ದೆ?"

"ಬಲಕ್ಕೆ ಎಳ್ದೆ."

"ಯಾಕೆ?"

"ಅಭ್ಯಾಸ. ತಪ್ಪಾಯ್ತು."

"ರಸ್ತೆ ಸಣ್ಣದು, ಬಿಸಿಲು ಕಣ್ಣಿಗೆ ಹೊಡೀತು ಅಂತೇನಾದ್ರೂ ಕಥೆ ಕಟ್ಟಿದ್ರೆ ಈಗ್ಲೇ ಇಳಿಸ್ತಿದ್ದೆ." ಅವರು ಬೆವರು ಒರೆಸಿಕೊಂಡರು. "ಕೇಳು. ತಲೆ ನಿಂದು, ಬಾಲ ನಂದು. ಕನ್ನಡಿ ನೋಡು, ಬೇಡ ಅನ್ನಲ್ಲ. ಆದ್ರೆ ಅದ್ರಲ್ಲಿ ಕಂಡಿದ್ದನ್ನ ತಿದ್ದೋಕೆ ಹೋಗ್ಬೇಡ. ಬಾಲ ಬೇಕರಿಗೆ ಹೋಗ್ತಿದೆ ಅನ್ಸತ್ತೆ. ಅನ್ಸಲಿ. ನಾನು ನಿಲ್ಲು ಅನ್ನೋ ತನಕ ನಿನ್ನ ದಾರಿ ಬಿಡ್ಬೇಡ."

"ನಿಮ್ಮನ್ನ ನಂಬಬೇಕು ಅಂತೀರಾ?"

"ನಂಬಿಕೆ ಎಲ್ಲಾ ಚರ್ಚಲ್ಲಿ ಇಟ್ಕೋ. ಇಲ್ಲಿ ಕೈ ಸುಮ್ನಿಟ್ಕೋ ಸಾಕು."

ಹಿಂದಕ್ಕೆ ತೆಗೆದುಕೊಂಡು ನೇರ ಮಾಡಿಕೊಂಡೆ. ಊರಿಗೆ ಊರೇ ಈಗ ರಸ್ತೆಗೆ ಬಂದಿತ್ತು. ರಸ್ತೆ ತೆರವು ಮಾಡಲು ಬಂದಿದ್ದ ಪೊಲೀಸರು ಯಾರದೋ ಮನೆಯ ಬಿಸಿ ಬನಿತ್ಸಾ, ಚೀಸ್ ತುಂಬಿದ ಪದರ ರೊಟ್ಟಿ, ತಿನ್ನುತ್ತ ತಮ್ಮ ಕಾರಿಗೆ ಒರಗಿ ನೋಡುತ್ತಿದ್ದರು.

ಮತ್ತೆ ಹೊರಟೆ. ಈ ಸಲ ಬಲಕ್ಕೆ ಎಳೆಯದೆ ಸೀದಾ ಹೋಗಿ ಎಡಕ್ಕೆ ಮುರಿದೆ. ಕನ್ನಡಿಯಲ್ಲಿ ಬಿಳಿ ಬಾಲ ಬೇಕರಿಯ ಗೋಡೆಯತ್ತ ಬೀಸಿ ಬರತೊಡಗಿತು. ಬರುತ್ತಲೇ ಇತ್ತು. ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ತುಸು ತಿದ್ದು, ತುಸುವೇ ತಿದ್ದು ಎಂದು ಅಂಗೈ ಬೇಡಿಕೊಂಡಿತು. ಬೇಕರಿಯವಳು ಕಣ್ಣು ಮುಚ್ಚಿಕೊಂಡಳು. ವಾಕಿಟಾಕಿಯಲ್ಲಿ ಗೆಂಚಣ್ಣ ಎಮ್ಮೆಯನ್ನು ಕೊಟ್ಟಿಗೆಗೆ ಕರೆಯುವವರ ಹಾಗೆ ಸಮಾಧಾನದಿಂದ "ಬಾ... ಬಾ... ಬಾ..." ಎನ್ನುತ್ತಿದ್ದರು. ನಾನು ಕೈ ಅಲುಗಿಸಲಿಲ್ಲ. ಹಿಂದಿನ ಚಕ್ರಗಳು ಅವರ ಮಾತು ಕೇಳಿದವು. ಗೋಡೆಗೂ ಬಾಲಕ್ಕೂ ನಡುವೆ ಬೆಳಕಿನ ಒಂದು ಸೀಳು ಮೂಡಿತು, ಅಗಲವಾಯಿತು. ಬೇಕರಿ ಹಿಂದೆ ಸರಿಯಿತು.

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಪ್ಲಾಮೆನ್ ವಾಕಿಟಾಕಿಯಲ್ಲಿ "ಅಕ್ಕಾ! ಅಕ್ಕಾ!" ಎಂದು ಕಿರುಚಿದ.

ಗೆಂಚಣ್ಣ ವ್ಯಾನ್ ಹತ್ತಲಿ ಎಂದು ಲಾರಿ ನಿಲ್ಲಿಸಿದಾಗ ಹಿಂದಿನಿಂದ ದಾಫಿನಜ್ಜಿಯ ದನಿ ಕೇಳಿತು.

"ಇಂಥ ರೆಕ್ಕೆ ಇನ್ನೂ ಎರಡು ಬರ್ತವಂತೆ? ಓಡ್ಸೋದ್ಯಾರು?"

"ಇನ್ಯಾರು? ಇವಳೇ," ಎಂದರು ಗೆಂಚಣ್ಣ.

"ಹಂಗಾದ್ರೆ ದ್ರಾಕ್ಷಿ ಇವತ್ತೇ ಕೊಯ್ದು ಮುಗಿಸ್ತೀನಿ!"

ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದೆ. "ಗೆಂಚಣ್ಣ! ಅಂದ್ರೆ ಹೂಂ ಅಂತಾನಾ?"

"ಲಾರಿ ತೆಗಿಯೇ ಮೊದ್ಲು! ರಸ್ತೆ ನಿಮ್ಮಪ್ಪಂದಾ?"

ಗೇರು ಹಾಕಿದೆ. ಊರಿನಾಚೆ ರಸ್ತೆ ಬಯಲಿಗೆ ಏರುತ್ತಿತ್ತು, ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಾರ್ನ್ ಒತ್ತಿದವಳು ಕೊನೆಯ ಮನೆ ದಾಟುವವರೆಗೂ ಬಿಡಲಿಲ್ಲ. ಗೆಂಚಣ್ಣ ಬೈಯುತ್ತಿದ್ದರೋ ಏನೋ, ಆ ಸದ್ದಿನಲ್ಲಿ ನನಗೆ ಒಂದೂ ಕೇಳಿಸಲಿಲ್ಲ.