ಫ್ರೀಜರಿಗೂ ಒಂದು ಬಿಡುವು

ಓಡುತ್ತಿರುವ ಯಂತ್ರಕ್ಕೆ ಆಯುಧಪೂಜೆ ಮಾಡೋದು, ಉಣ್ಣುತ್ತಿರುವವನ ಹಣೆಗೆ ಕುಂಕುಮ ಬಳಿದ ಹಾಗೆ ಅಂತ ಕೃಷ್ಣಪ್ಪನ ನಂಬಿಕೆ. ರಾಜಾಜಿನಗರದ ಲೇತ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಹಾಗೇ ನಡೆಸಿದ್ದ: ಒರೆಸು, ಹೂ ಮುಡಿಸು, ಹಬ್ಬ ಮುಗಿಯೋವರೆಗೂ ಮಲಗಿಸು. ಅದು ಮುಚ್ಚಿದ ಮೇಲೆ ಕೆಂಗೇರಿ ಹತ್ತಿರದ ಈ ಲ್ಯಾಬಿಗೆ ಅಟೆಂಡರಾಗಿ ಸೇರಿ ಎರಡೇ ತಿಂಗಳು.

ಸೇರಿದ ವಾರದಲ್ಲೇ ಲ್ಯಾಬಿನ ಮುಖ್ಯಸ್ಥ ಯೋಗಾನಂದ ಸಾರ್ ದನಿ ಅಣಕಿಸೋಕೆ ಕಲಿತಿದ್ದ. ಅವರು ಆಚೆ ಹೋದರೆ ಸಾಕು, “ಡೇಟಾ ಎಲ್ಲಮ್ಮಾ, ಡೇಟಾ?” ಅಂತ ಮೂಗಿನಿಂದ ಹೊರಡಿಸಿ, ಪಿಎಚ್‌ಡಿ ಮಾಡುವ ಚೇತನಾಳನ್ನು ಬೆಚ್ಚಿಬೀಳಿಸೋನು.

“ಏನಮ್ಮಾ ಇದರೊಳಗೆ?” ಅಂತ ಒಮ್ಮೆ ಫ್ರೀಜರ್ ತೋರಿಸಿ ಕೇಳಿದ್ದ.

“ಬೆನ್ನುಮೂಳೆ ಹುಟ್ಟೋಕೂ ಮುಂಚಿನ ವಂಶದ ಪುಟ್ಟ ಜೀವಿ, ಕೃಷ್ಣಪ್ಪಣ್ಣ. ಸಮುದ್ರದ ಮರಳಲ್ಲಿರುತ್ತೆ. ಕ್ರಿಮಿಗಳ ಮೈಮೇಲಿನ ಸಕ್ಕರೆನ ಗಪ್ ಅಂತ ಹಿಡಿಯೋ ಪ್ರೋಟೀನ್ ಇದರ ಕರುಳಲ್ಲಿದೆ. ಆ ಹಿಡಿತ ಬದಲಾಗ್ತಾ ಬದಲಾಗ್ತಾ ನಮ್ಮ ರಕ್ತದವರೆಗೂ ಹೇಗೆ ಬಂತು ಅಂತ ಹುಡುಕ್ತಿದೀನಿ.”

“ಪ್ರೋ ನೀವಿಟ್ಕೊಳಿ, ಟೀ ನಾನು ತರ್ತೀನಿ.”

ಚೇತನಾ ಬಿದ್ದು ಬಿದ್ದು ನಕ್ಕಿದ್ದಳು.

ಪೂಜೆಯ ದಿನ ಎಲ್ಲರೂ ಹೊರಟ ಮೇಲೆ ಕೃಷ್ಣಪ್ಪ ಒಂದೊಂದೇ ಯಂತ್ರದ ಸ್ವಿಚ್ ಆರಿಸಿದ. ಫ್ರೀಜರಿನದನ್ನೂ. “ಹಗಲೂ ರಾತ್ರಿ ಗೊರಗೊರ ಅಂತಿದೀಯ, ಮಲಕ್ಕೋ ತಾಯಿ,” ಅಂದು ಬೀಗ ಹಾಕಿದ.

ಮೂರು ದಿನದ ರಜೆ ಕಳೆದು ಕೃಷ್ಣಪ್ಪ ಬಂದರೆ ಲ್ಯಾಬಿನ ಬಾಗಿಲು ತೆಗೆದಿತ್ತು, ನೆಲದ ತುಂಬ ನೀರು. ಚೇತನಾ ಟ್ಯೂಬುಗಳ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಆ ನೀರಲ್ಲೇ ಕೂತಿದ್ದಳು. ಐದು ವರ್ಷದ ಕೆಲಸ. ಥೀಸಿಸ್‌ಗೆ ನಾಲ್ಕೇ ತಿಂಗಳು.

“ನಾನೇ ಆರ್ಸಿದ್ದು ಕಣಮ್ಮ.”

“ಗೊತ್ತು. ಸ್ವಿಚ್ ಮೇಲೆ ಕುಂಕುಮ ಇದೆ.”

“ಮತ್ತೆ ಹಿಡ್ಕೊಂಡ್ ಬರೋಣ. ನಾನೂ ಬರ್ತೀನಿ, ಮಂಡಿ ತನಕ ನೀರಿಗಿಳೀತೀನಿ.”

“ಅವು ಸಿಗ್ತಿದ್ದ ಮರಳುದಿಬ್ಬನೇ ಈಗಿಲ್ಲ ಕೃಷ್ಣಪ್ಪಣ್ಣ. ಹೋದ ವರ್ಷ ಬಂದರಿಗೆ ಅಂತ ಅಗೆದುಬಿಟ್ರು.”

ಅವಳ ಫೋನ್ ಬಡಿದುಕೊಂಡಿತು. ಯೋಗಾನಂದ ಸಾರ್. ಚೇತನಾ ಕೃಷ್ಣಪ್ಪನ ಮುಖ ನೋಡಿದಳು; ಅವನದು ಕಾಂಟ್ರಾಕ್ಟ್ ಕೆಲಸ, ಒಂದು ಮಾತಿಗೆ ಹೋಗುತ್ತೆ. “ಸಾರ್, ಸ್ಯಾಂಪಲ್ ಎಲ್ಲಾ ಕರಗಿ ಕೆಟ್ಟಿದೆ. ರಜೇಲಿ ಕರೆಂಟ್ ಹೋಗಿತ್ತು ಅನ್ಸುತ್ತೆ...”

ಕೃಷ್ಣಪ್ಪ ಬಗ್ಗಿ ಅವಳ ಕೈಯಿಂದ ಫೋನ್ ತೆಗೆದುಕೊಂಡ.

“ಕರೆಂಟ್ ಇತ್ತು ಸಾರ್. ಆರ್ಸಿದ್ದು ನಾನು.”

ಚೇತನಾ ಮೊದಲ ಟ್ಯೂಬ್ ಎತ್ತಿ, ಮೇಲಿದ್ದ ತಾರೀಖು ಮೆಲ್ಲಗೆ ಓದಿ, ಕಸದ ಹಳದಿ ಚೀಲಕ್ಕೆ ಹಾಕಿದಳು. ಹಾಕೋಕೆ ಇನ್ನೂ ಇನ್ನೂರ ಹನ್ನೊಂದು ಉಳಿದಿದ್ದವು.